ಬೆಳಗಿದ ನಾಣ್ಯ

ಹುಣಸೆಹುಳಿಯ ವಾಸನೆ ಬಂದರೆ ಇಂದಿಗೂ ಕೂಡ್ಲಿಗಿಯ ಆ ಮಧ್ಯಾಹ್ನ ನೆನಪಾಗಿ ಮೈ ಹಿಡಿಯಾಗುತ್ತದೆ.

ಪಕ್ಕದ ಮನೆಯ ಗಂಗಮ್ಮಜ್ಜಿಯ ಮಗ ಯುದ್ಧದಲ್ಲಿ ತೀರಿಕೊಂಡಿದ್ದ. ಆ ರಣಭೂಮಿಯಲ್ಲಿ ಸ್ಮಾರಕ ಉದ್ಯಾನವಾದಾಗ ಅಜ್ಜಿಯನ್ನು ಅಲ್ಲಿಗೆ ಕರೆಸಿ, ಅದರ ಚಿತ್ರವಿದ್ದ ನಾಣ್ಯ ಕೊಟ್ಟಿದ್ದರು. ಅದು ಡಬ್ಬಿಯೊಂದರಲ್ಲಿ ದೇವರ ಜಗಲಿಯ ಮೇಲಿರುತ್ತಿತ್ತು. ಹಬ್ಬದ ಹಿಂದಿನ ದಿನ ನಾನು ಅವಳ ದೇವರ ಸಾಮಾನಿನ ಜೊತೆ ನಾಣ್ಯವನ್ನೂ ಹುಣಸೆ ಹಚ್ಚಿ ಬೆಳಗಿದೆ. ಡಬ್ಬಿಯ ತಳದ ಮಣ್ಣನ್ನು ಕಸವೆಂದು ಬಚ್ಚಲಿಗೆ ಚೆಲ್ಲಿದೆ.

“ಇದರಾಗ ನನ್ನ ಮಗ ಬಿದ್ದ ಜಾಗದ ಮಣ್ಣಿತ್ತಲ್ಲವ್ವ?” ಎಂದಳು ಅಜ್ಜಿ.

“ಇರ್ಲಿಲ್ಲಜ್ಜಿ, ಡಬ್ಬಿ ಖಾಲಿ ಇತ್ತು,” ಎಂದೆ.

ಅಜ್ಜಿ ಡಬ್ಬಿಯೊಳಗೆ ಬೆರಳಾಡಿಸಿದಳು. “ಹಂಗಾರ ನಾನ ಎಲ್ಲೋ ಚೆಲ್ಲೀನಿ ಬಿಡು. ವಯಸ್ಸಾತು ನೋಡು,” ಎಂದು, ನಾಣ್ಯ ಬೆಳಗಿದ್ದಕ್ಕೆ ನನ್ನ ಕೈಗೆ ಬೆಲ್ಲದ ಚೂರಿಟ್ಟಳು.

ಹುಣಸೆ ಮೆತ್ತಿದ ಕೈಯಲ್ಲೇ ಅದನ್ನು ಪೂರ್ತಿ ತಿಂದೆ.