ಸೊಟ್ಟಗಿರಬೇಕಿದ್ದ ಕಲ್ಲುಗಳು

"ನಕ್ಷೇಲಿ ದಾರಿ ಸೊಟ್ಟ ಬಂದಿತ್ತು ಮೇಷ್ಟ್ರೇ, ನಾನೇ ಸರಿ ಮಾಡ್ಬಿಟ್ಟೆ," ಎಂದ ಗಾರೆಯವನು, ಹೊಗಳಿಕೆಗೆ ಕಾದವನಂತೆ.

ಡ್ರಾಯಿಂಗ್ ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಮನೆಮುಂದಿನ ಅಂಗೈಯಗಲದ ಜಾಗಕ್ಕೆ ಜಪಾನಿ ತೋಟವೊಂದನ್ನು ಮೂರು ತಿಂಗಳು ಗೀಚಿ, ಅಳಿಸಿ, ಗೀಚಿದ್ದರು: ಬಿಳಿ ಜಲ್ಲಿ, ಒಂದು ಕುಳ್ಳ ಮರ, ಬಾಗಿಲಿನಿಂದ ಗೇಟಿನವರೆಗೆ ಹೊಳೆಯಂತೆ ಬಳುಕುವ ಒಂಬತ್ತು ಚಪ್ಪಡಿ. ಎರಡು ದಿನ ತರಬೇತಿಗೆ ಹೋಗಿ ಬರುವಷ್ಟರಲ್ಲಿ ಅವು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನೆಟ್ಟಗೆ, ಮೊಳಕ್ಕೊಂದರಂತೆ ಸಿಮೆಂಟಿನಲ್ಲಿ ಕೂತಿದ್ದವು. "ಸೊಟ್ಟಗಿರ್ಲಿ ಅಂತಾನೇ ಬರೆದಿದ್ದು ಕಣಯ್ಯಾ! ಅದರ ಚಂದಾನೇ ಅದು. ಕಿತ್ತುಹಾಕು ಎಲ್ಲಾನೂ!" ಗಾರೆಯವನು ಕದಲಲಿಲ್ಲ. ಮೇಷ್ಟ್ರು ತಾವೇ ಹಾರೆ ಎತ್ತಿಕೊಂಡು ಮೊದಲ ಚಪ್ಪಡಿಯ ಅಂಚಿಗೆ ಕೊಟ್ಟರು.

ಬಾಗಿಲಲ್ಲಿ ಊರುಗೋಲು ಟಕ್ಕೆಂದಿತು. ಸೊಸೆಯ ರಟ್ಟೆ ಹಿಡಿಯದೆ ಹೊಸಿಲು ದಾಟದ ಅಮ್ಮ ಒಬ್ಬರೇ ಇಳಿದು ಬರುತ್ತಿದ್ದರು. ಮೇಷ್ಟ್ರು ಪಕ್ಕಕ್ಕೆ ಸರಿದರು. ಒಂದು ಚಪ್ಪಡಿ, ಇನ್ನೊಂದು, ಮತ್ತೊಂದು. ಅಮ್ಮನ ಪುಟ್ಟ ಹೆಜ್ಜೆ ಪ್ರತಿ ಸಲವೂ ಕಲ್ಲಿನ ನಟ್ಟನಡುವೆ ಬಿತ್ತು. ಮೇಷ್ಟ್ರು ಗಾರೆಯವನ ಮುಖ ನೋಡಿದರು.

"ಮಣ್ಣಲ್ಲಿ ಅಮ್ಮನ ಹೆಜ್ಜೆ ಮೂಡಿತ್ತು," ಎಂದು ಅವನು ಗೊಣಗಿದ. "ಅದನ್ನೇ ಅಳೆದು ಇಟ್ಟೆ."

ಅಮ್ಮ ಗೇಟು ಹಿಡಿದು ನಿಂತು, ಏದುಸಿರಲ್ಲೇ ಹಿಂದಿರುಗಿ ನೋಡಿದರು. "ಮೂರು ತಿಂಗಳಿಂದ ಕೂತು ಬರೀತಿದ್ದದ್ದು ಇದನ್ನೇನೋ? ನನಗೋಸ್ಕರ ಅಂತ ಒಂದು ಮಾತು ಹೇಳ್ಲೇ ಇಲ್ವಲ್ಲೋ!"

ಮೇಷ್ಟ್ರು ಹಾರೆಯನ್ನು ಮೆಲ್ಲನೆ ಬೆನ್ನ ಹಿಂದಕ್ಕೆ ಸರಿಸಿದರು.