ಅತಿಥಿಯ ಮೇಜು

ಮೇಜಿನ ಮೇಲೆ ಇಟ್ಟ ಚಹಾ ಆರಿ ಹೋಗಿತ್ತು, ಕಾರಿನ್ ಮಾತ್ರ ಕೋಣೆಯಲ್ಲಿರಲಿಲ್ಲ. ಹಿತ್ತಲಲ್ಲಿಲ್ಲ, ಮಾಳಿಗೆಯ ಮೇಲೂ ಇಲ್ಲ. ಅವಳು ತನ್ನ ದೇಶಕ್ಕೆ ಮರಳುವ ದಿನ, ಇನ್ನೇನು ಕರೆದೊಯ್ಯುವ ಜೀಪು ಬರುವ ಹೊತ್ತು. ಸ್ವೀಡನ್ನಿನಿಂದ ಬಂದ ಹುಡುಗಿ ಬಸವಕಲ್ಯಾಣದ ಗಲ್ಲಿಯಲ್ಲಿ ಕಳೆದುಹೋದರೆ ಶಾಲೆಯವರಿಗೆ ಏನೆಂದು ಉತ್ತರ ಕೊಡುವುದು? ಶಕುಂತಲಾಬಾಯಿ ಹೊರಬಾಗಿಲಿಗೆ ಬಂದು ಗಲ್ಲಿಯ ಎರಡೂ ಕಡೆ ನೋಡಿದರು. ಅಷ್ಟರಲ್ಲಿ ಮಗಳು ಶೀತಲ್ ಏದುಸಿರು ಬಿಡುತ್ತ ಬಂದಳು.

"ಅವ್ವಾ, ಆಕಿ ಹಜಿರಾ ಬೀ ಮನ್ಯಾಗ ಕೂತಾಳ. ಉಣ್ಣಾಕತ್ತಾಳ!"

ಶಕುಂತಲಾಬಾಯಿ ಸೆರಗು ಸರಿಮಾಡಿಕೊಂಡು ಪಕ್ಕದ ಮನೆಗೆ ನಡೆದರು. ನಡುಮನೆಯಲ್ಲಿ ಬಟ್ಟೆ ಹಾಸಿ, ಹಜಿರಾ ಬೀ, ಅವರ ಸೊಸೆ, ಮೊಮ್ಮಕ್ಕಳೆಲ್ಲ ಒಂದೇ ದೊಡ್ಡ ತಾಟಿನ ಸುತ್ತ ಕುಳಿತಿದ್ದರು. ಅವರ ನಡುವೆ ಕಾರಿನ್, ಮೊಣಕೈವರೆಗೆ ಹುಣಸೆಹುಳಿಯ ಖಟ್ಟಾ ಸಾರು ಇಳಿಸಿಕೊಂಡು ಖಿಚಡಿ ತಿನ್ನುತ್ತ, ಬಾಯ್ತುಂಬ ನಗುತ್ತಿದ್ದಳು. ತಮ್ಮ ಮನೆಯಲ್ಲಿ ಅವಳು ಒಂದು ದಿನವೂ ಹಾಗೆ ನಕ್ಕಿರಲಿಲ್ಲ ಎಂಬುದು ಶಕುಂತಲಾಬಾಯಿಗೆ ಆ ಕ್ಷಣ ಹೊಳೆಯಿತು. ಹೊಳೆದದ್ದರಿಂದಲೇ ಸಿಟ್ಟು ಇನ್ನಷ್ಟು ಏರಿತು.

"ನಾ ಏನೂ ಮಾಡಿಲ್ರಿ ಬಾಯಿ," ಎಂದರು ಹಜಿರಾ ಬೀ. "ಆಡಿನ ಮರಿ ನೋಡಾಕ ಬಂದಿದ್ದಳು. ನಾವು ಉಣ್ಣಾಕ ಕೂತಿದ್ವಿ, ಬಾ ಬೇಟಿ ಅಂದೆ, ಕೂತಳು."

"ನಮ್ಮ ಮನ್ಯಾಗ ಏನ ಕಡಿಮಿ ಆಗಿತ್ರಿ ಈಕಿಗೆ?" ಎಂದಷ್ಟೇ ಹೇಳಿ ಶಕುಂತಲಾಬಾಯಿ ತಿರುಗಿದರು. ಕಣ್ಣು ತುಂಬಿ ಬಂದಿತ್ತು.

ಕಡಿಮೆ ಏನೂ ಆಗಿರಲಿಲ್ಲ. ಅದು ತೊಂಬತ್ತೊಂಬತ್ತರ ಚಳಿಗಾಲ. ಸ್ವೀಡನ್ನಿನ ಒಂದು ಜಿಲ್ಲೆಯ ಶಾಲೆಗೂ ಶೀತಲ್ ಓದುವ ಶಾಲೆಗೂ ಗೆಳೆತನ ಕುದುರಿ, ಅಲ್ಲಿಯ ಮಕ್ಕಳು ಹುಮನಾಬಾದ, ಬಸವಕಲ್ಯಾಣದ ಮನೆಗಳಿಗೆ ಬಂದಿದ್ದರು. ಬರುವ ವರ್ಷ ಶೀತಲ್ ಕಾರಿನ್‌ಳ ಮನೆಗೆ ಹೋಗಬೇಕು. "ನಾವು ಈಕಿನ್ನ ಹ್ಯಾಂಗ ನೋಡ್ಕೋತೀವೋ, ಅವರು ನಿನ್ನ ಹಂಗ ನೋಡ್ಕೋತಾರ," ಎಂದು ಶಕುಂತಲಾಬಾಯಿ ಮಗಳಿಗೆ ಮೊದಲ ದಿನವೇ ಹೇಳಿದ್ದರು. ನೆಲದ ಮೇಲೆ ಕೂರುವುದು ಕಷ್ಟವಾದೀತೆಂದು ಯಜಮಾನರು ಮಹಾರುದ್ರಪ್ಪ ಶಾಲೆಯಿಂದ ಒಂದು ಮೇಜು, ಒಂದು ಕುರ್ಚಿ ಹೊರಿಸಿಕೊಂಡು ಬಂದರು. ಹೊಸ ತಾಟು, ಬಿಸಿ ರೊಟ್ಟಿ, ಹೋಳಿಗೆ, ತುಪ್ಪ. ಅವಳು ಉಣ್ಣುವಾಗ ಮನೆಮಂದಿಯೆಲ್ಲ ಸುತ್ತ ನಿಂತು, ತಾಟು ಖಾಲಿಯಾಗದಂತೆ ಕಾಯುತ್ತಿದ್ದರು. ಅವಳದಾದ ಮೇಲೆ ಗಂಡಸರು, ಆಮೇಲೆ ಒಲೆಯ ಮುಂದೆ ತಾಯಿ ಮಗಳು. ಕಾರಿನ್ ಕಲಿತ ನಾಲ್ಕಾರು ಕನ್ನಡ ಮಾತುಗಳಲ್ಲಿ 'ಕೂಡ್ರಿ', ಅಂದರೆ ಕುಳಿತುಕೊಳ್ಳಿ, ಎಂಬುದೂ ಒಂದು. ಊಟದ ಹೊತ್ತಿಗೆ ಎಲ್ಲರ ಮುಖ ನೋಡಿ "ಕೂಡ್ರಿ, ಕೂಡ್ರಿ" ಎನ್ನುವಳು. "ಮೊದಲ ನಿಂದಾಗ್ಲಿ," ಎಂದು ಇವರು ನಗುವರು. ತೊಡೆಯ ಮೇಲೆ ಸದಾ ಒಂದು ನೀಲಿ ಚೀಲ. ಊಟಕ್ಕೆ ತರುವಳು, ಉಂಡು ಮರಳಿ ಒಯ್ಯುವಳು. "ಪಾಸ್‌ಪೋರ್ಟ್ ಇಟ್ಟಿರಬೇಕು, ಹುಷಾರಿ ಹುಡುಗಿ," ಎಂದು ಶೀತಲ್‌ಳ ಅಣ್ಣ ಶರಣಕುಮಾರ ತೀರ್ಪು ಕೊಟ್ಟಿದ್ದ.

ಕಾರಿನ್ ಕೈತೊಳೆದು ಓಡುತ್ತ ಹಿಂದೆಯೇ ಬಂದಳು. ಇಂಗ್ಲಿಷಿನಲ್ಲಿ ಶೀತಲ್‌ಗೆ ಏನನ್ನೋ ಹೇಳಲು ಹೊರಟಳು. ಶೀತಲ್ ಮುಖ ತಿರುಗಿಸಿದಳು. ಅವ್ವ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನೋಡಿದ ಮೇಲೆ ಅವಳಿಗೆ ಆ ಗೆಳೆತನವೇ ಬೇಡವಾಗಿತ್ತು. ಕಾರಿನ್ ತನ್ನ ಕೋಣೆಗೆ ಹೋದಳು.

ಜೀಪು ಬಂತು. ಇಂಗ್ಲಿಷ್ ಮಾಸ್ತರ ಗಯಾಸುದ್ದೀನ್ ಅವಸರ ಮಾಡಿದರು, ಹುಮನಾಬಾದದಲ್ಲಿ ಉಳಿದ ಮಕ್ಕಳು ಕಾಯುತ್ತಿದ್ದರು. ಕಾರಿನ್ ಇನ್ನೊಮ್ಮೆ ಒಳಗೆ ಹೋಗಿ ಬಂದು ಎಲ್ಲರಿಗೂ ಕೈಮುಗಿದಳು. ಶೀತಲ್ ಬಾಗಿಲ ಚೌಕಟ್ಟಿಗೆ ಆತು ನೆಲ ನೋಡುತ್ತ ನಿಂತಿದ್ದಳು. ಜೀಪು ತಿರುವು ದಾಟಿದ ಮೇಲೇ ತಲೆ ಎತ್ತಿದ್ದು.

"ಆ ಮೇಜ ಸಾಲಿಗಿ ಮುಟ್ಟಿಸಬೇಕು, ಹಿಡಿ ಬಾ," ಎಂದು ಶಕುಂತಲಾಬಾಯಿ ಒಳಗೆ ಹೋದವರು ಅಲ್ಲೇ ನಿಂತುಬಿಟ್ಟರು.

ನೀಲಿ ಚೀಲ ಬರಿದಾಗಿ ಮೇಜಿನ ನಡುವೆ ಬಿದ್ದಿತ್ತು. ಸುತ್ತಲೂ, ಊಟಕ್ಕೆ ಎಲೆ ಹಾಕಿದ ಹಾಗೆ, ಒಬ್ಬೊಬ್ಬರ ಜಾಗಕ್ಕೆ ಒಂದೊಂದು ಕಟ್ಟಿಗೆಯ ಚಮಚ. ಕೈಯಿಂದ ಕೆತ್ತಿದ್ದು. ಹಿಡಿಕೆಯ ಮೇಲೆ ಇಂಗ್ಲಿಷ್ ಅಕ್ಷರ.

ಶೀತಲ್ ಓದಿದಳು. "ಇದು ಅಪ್ಪಂದು. ಇದು ಅಣ್ಣಂದು. ಇದು ನಂದು. ನನ್ನ ಬಾಜೂಕ ಆಕಿದು." ಕಾರಿನ್‌ಳ ಚಮಚವನ್ನು ಕೈಗೆತ್ತಿಕೊಂಡಳು. "ಅವ್ವಾ, ನಾ ಆಕಿಗೆ ಹೋಗಿ ಬಾ ಅಂತ ಸೈತ ಅನ್ನಲಿಲ್ಲ."

ಶಕುಂತಲಾಬಾಯಿ ತಮ್ಮ ಚಮಚವನ್ನು ಎತ್ತಿ, ಓದಲು ಬಾರದ ತಮ್ಮ ಉದ್ದ ಹೆಸರಿನ ಮೇಲೆ ಬೆರಳಾಡಿಸಿದರು. ಆಮೇಲೆ ಮೇಜಿನ ಸುತ್ತ ಒಮ್ಮೆ ನೋಡಿದರು.

"ದಿನಾ ಕೂಡ್ರಿ, ಕೂಡ್ರಿ ಅಂತಿದ್ದಳು," ಎಂದರು. "ನಾವು ಕುರ್ಚಿ ಬರೇ ಒಂದ ತಂದಿದ್ವಿ."