ಹೊಳೆಯಿಂದ ಎದ್ದ ಮೋಟಾರು

ಒಂದಾನೊಂದು ಹೊಳೆಯಲ್ಲಿ ಒಂದು ದೋಣಿ. ಗುಂಡಿ ಒತ್ತಿದರೆ ನೀರಿನಿಂದ ಮೇಲೇಳಬೇಕಾದ ಅದರ ಹಿಂಬದಿಯ ಮೋಟಾರು ಇವತ್ತು ಬರೀ ಗುಂಯ್‌ಗುಟ್ಟುತ್ತಿತ್ತು. ಕಾವೇರಿ, ಕಪಿಲೆ ಕೂಡುವ ಮರಳುದಿಬ್ಬವನ್ನು ಬದುಕಿಡೀ ದಡದಿಂದಲೇ ನೋಡಿದ ಅಜ್ಜಿ ಚಲುವಮ್ಮನನ್ನು ಅಲ್ಲಿಗೆ ಮುಟ್ಟಿಸುತ್ತೇನೆಂದು ರೋಜಾ ಮಾತು ಕೊಟ್ಟಿದ್ದಳು. ಮುಂದೆ ನೀರು ಮೊಣಕಾಲುದ್ದ. ಮೋಟಾರು ಏಳದಿದ್ದರೆ ಅದರ ಫ್ಯಾನು ಬಂಡೆಗೆ ಬಡಿದು ಮುರಿಯುತ್ತದೆ.

“ಓಗ್ಲಿ ಬುಡವ್ವ, ವಾಪಸ್ ಓಗವ,” ಎಂದಳು ಅಜ್ಜಿ.

ಮೋಟಾರಿನ ನೆತ್ತಿಯಲ್ಲಿ ಕುಂಕುಮ ಕಂಡು ರೋಜಾ ದೋಣಿ ನಡೆಸುವ ಮಾದುವಿನ ಕಡೆ ತಿರುಗಿದಳು. “ಮಾವ, ಆಯುಧಪೂಜೇಲಿ ಕೆಳಗಿನ ಫ್ಯಾನಿಗೂ ಬೊಟ್ಟಿಟ್ರಾ?”

“ಇಡದೆ ಬುಟ್ಟಾರಾ? ಬ್ಯಾಟ್ರಿ ಇರ್ಲಿಲ್ಲ, ಪಕ್ಕದ ಸ್ಕ್ರೂ ಸಡ್ಲ ಮಾಡಿ ಕೈಯಲ್ಲೇ ಎತ್ತಿ…” ಮತ್ತೆ ಬಿಗಿಯಲು ಮರೆತದ್ದು ನೆನಪಾಗಿ ಮಾದು ನಾಲಿಗೆ ಕಚ್ಚಿಕೊಂಡ. ಆ ಸ್ಕ್ರೂ ಸಡಿಲವಿದ್ದರೆ ಮೋಟಾರು ಕೈಗೆ ಏಳುತ್ತದೆ, ಗುಂಡಿಗೆ ಏಳುವುದಿಲ್ಲ.

ರೋಜಾ ಬಗ್ಗಿ ಸ್ಕ್ರೂ ಬಿಗಿದು ಗುಂಡಿ ಒತ್ತಿದಳು. ಆಳೆತ್ತರದ ಮೋಟಾರು, ಯಾರ ಕೈಯೂ ತಾಗದೆ, ಮೈತುಂಬ ಹೊಳೆ ಸುರಿಸುತ್ತಾ ನಿಧಾನವಾಗಿ ಮೇಲೆದ್ದಿತು. ಅಜ್ಜಿ ಕೈಮುಗಿದಳು. ಮಾದು ಗಳ ಊರಿ ದೋಣಿಯನ್ನು ದಿಬ್ಬಕ್ಕೆ ನೂಕಿದ. ಚಲುವಮ್ಮನ ಬರಿಗಾಲು ಮರಳನ್ನು ಮುಟ್ಟಿತು.